ಹಚ್ಚೆ ಅಂಗಡಿಯ ಲೈಸೆನ್ಸು

ಹೆಲ್ತ್ ಇನ್‌ಸ್ಪೆಕ್ಟರ್ ಆದವನಿಗೆ ಸಂಬಳ ತಿಂಗಳಿಗೊಮ್ಮೆ, ನಗು ದಿನಕ್ಕೊಮ್ಮೆ. ಪುತ್ತೂರಿನ ಒಂದು ಟ್ಯಾಟೂ ಅಂಗಡಿಯಂತೂ ನನ್ನನ್ನು ಹೋದಾಗಲೆಲ್ಲ ನಗಿಸಿಯೇ ಕಳಿಸಿದೆ.

೧. ಹೊಸ ಗ್ಲೌಸು

ಅಂಗಡಿಯವ ಗುತ್ತಿಗಾರಿನ ಹುಡುಗ. ಹಚ್ಚೆ ಹಾಕುದರಲ್ಲಿ ಕೈ ಭಾರೀ ಚಂದ. ಮಂಡೆಕೋಲಿನ ಹುಡುಗಿಯೊಟ್ಟಿಗೆ ಮದುವೆ ಮಾತಾಗಿತ್ತು. ಆದರೆ ಹುಡುಗಿಯ ಅಪ್ಪನದ್ದು ಒಂದೇ ಹಟ: "ಲೈಸೆನ್ಸ್ ಬಾರದೆ ಧಾರೆ ಇಲ್ಲ." ಪಾಪ, ಹುಡುಗನಿಗೆ ಕೂತಲ್ಲಿ ನಿಂತಲ್ಲಿ ಅದೇ ಚಿಂತೆ.

ನನ್ನ ಎದುರು ಗ್ಲೌಸು ಹಾಕಿಕೊಂಡ. ಅದೇ ಕೈಯಲ್ಲಿ ಫೋನ್ ಎತ್ತಿದ, ತಲೆ ಕೆರೆದ, ನನಗೆ ಕುರ್ಚಿ ಎಳೆದ, ಆಮೇಲೆ ಸೂಜಿಗೆ ಕೈ ಹಾಕಿದ.

"ಎಂತದು ಮಾರಾಯ ಇದು?"

"ಹೊಸ ಗ್ಲೌಸೇ ಸಾರ್. ಎಂತ ಮುಟ್ಟಿದ್ರೂ ನನ್ನ ಕೈ ಕೊಳೆ ಆಗುದಿಲ್ಲ!"

೨. ಯಂತ್ರದ ಪರಿಮಳ

ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರ ತರಿಸು ಅಂತ ಹೇಳಿ ಬಂದಿದ್ದೆ. ತರಿಸಿದ. ನಾನು ಹೋದಾಗ ಯಂತ್ರ ಬುಸುಬುಸು ಅನ್ನುತ್ತಿತ್ತು. ಖುಷಿಯಾಯಿತು. ಆದರೆ ಪರಿಮಳ ಮಾತ್ರ ಅರಸಿನ ಎಲೆಯದ್ದು! ಮುಚ್ಚಳ ತೆಗೆಸಿ ನೋಡಿದರೆ ಒಳಗೆ ಸಾಲಾಗಿ ಸಿಹಿ ಕಡುಬು. ಪಕ್ಕದಲ್ಲಿ ಹುಡುಗನ ಅಮ್ಮ. ಅವರ ತವರೂ ಮಂಡೆಕೋಲೇ, ಮಾತಲ್ಲಿ ಬಿಟ್ಟುಕೊಡುವವರಲ್ಲ.

"ಹೊಸ ಪಾತ್ರೆಯಲ್ಲಿ ಮೊದಲು ಸಿಹಿ ಬೇಯಿಸದೆ ಕಬ್ಬಿಣ ಬೇಯಿಸುದಾ? ಮದುವೆ ಆಗಬೇಕಾದ ಹುಡುಗ ಸಾರ್ ಇವ!"

ಇದು ಪಾತ್ರೆಯಲ್ಲ, ಇದರಲ್ಲಿ ಅಡುಗೆ ಮಾಡ್ಲೇಬಾರದು ಅಂತ ಜೋರು ಮಾಡಬೇಕಿತ್ತು. ಆದರೆ ಬಾಯಲ್ಲಿ ಕಡುಬು ಇಟ್ಟುಕೊಂಡು ಬಯ್ಯುದು ಹೇಗೆ?

೩. ಉದ್ದ ತೋಳಿನ ಅಂಗಿ

ಮೂರನೆಯ ಸಲ ಎಲ್ಲ ಸರಿ ಇತ್ತು. ಯಂತ್ರ ತೊಳೆದು ಲಕಲಕ, ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗಿಲ್ಲ, ಬಳಸಿದ್ದಕ್ಕೆ ಬೇರೆ ಡಬ್ಬಿ. ಹುಡುಗಿಯ ಅಪ್ಪನೂ ಬಂದು ಕೂತಿದ್ದರು. ಅಷ್ಟು ಸೆಕೆಯಲ್ಲೂ ಮಣಿಕಟ್ಟಿನವರೆಗೆ ಅಂಗಿ. ಲೈಸೆನ್ಸ್ ಕೊಡಬಹುದು ಅಂತ ನಾನು ಸಹಿ ಹಾಕಿದೆ. ಹುಡುಗನ ಕಣ್ಣಲ್ಲಿ ನೀರೇ ಬಂತು.

ಅಪ್ಪ ಕೇಳಿದರು, "ಹಾಗಾದ್ರೆ ಇವನ ಸೂಜಿಯಿಂದ ನಂಜಾಗ್ಲಿಕ್ಕಿಲ್ಲ ಅಲ್ವಾ?"

"ಇಲ್ಲ. ಧೈರ್ಯವಾಗಿ ಮಗಳನ್ನು ಕೊಡಿ."

"ಮಗಳದ್ದಲ್ಲ ಮಾರಾಯ್ರೆ, ಇದು ನನ್ನ ವಿಷಯ" ಎಂದವರೇ ಬಾಗಿಲು ಹಾಕಿ ಅಂಗಿಯ ತೋಳು ಮಡಚಿದರು. ಹಳೇ ಹಚ್ಚೆ. ಒಬ್ಬ ಹೆಂಗಸಿನ ಹೆಸರು. "ಶಾಲೆಗೆ ಹೋಗುವಾಗಿನ ಹುಚ್ಚು. ಅವಳ ಹತ್ತಿರ ಒಂದು ಮಾತೂ ಆಡಿದವನಲ್ಲ. ಈಗ ಧಾರೆಗೆ ಅಂಗಿ ತೆಗೆಯಬೇಕಲ್ಲ? ಇದರ ಮೇಲೆ ಒಂದು ಹೂ ಬಿಡಿಸು."

ಹುಡುಗ ಬಗ್ಗಿ ಓದಿದ. ಮುಖ ಬಿಳಿಚಿಕೊಂಡಿತು. "ಮಾವ, ಇದು ನಮ್ಮಮ್ಮನ ಹೆಸರಲ್ವಾ?"

ಅಷ್ಟರಲ್ಲಿ ಹೊರಗಿನಿಂದ ಹುಡುಗನ ಅಮ್ಮನ ದನಿ: "ಕಡುಬು ತಂದಿದ್ದೇನೆ, ಬಾಗಿಲು ಯಾಕೆ ಹಾಕಿದ್ದು?"

ಮಾವ ನನ್ನ ಬೆನ್ನ ಹಿಂದೆ ಅಡಗಿಕೊಂಡು ಹೇಳಿದರು, "ಬೇಗ ಮಾರಾಯ! ಹೂ ಸಾಲದು, ಆನೆಯನ್ನೇ ಬಿಡಿಸು!"