ಉಪ್ಪು ಸರಿ ಇತ್ತೇನ್ರಿ?

ಇಂಡಿ ಪೇಟೆಯಲ್ಲಿ ಎಲ್ಲಿ ಉಣ್ಣಬೇಕು ಎಂಬುದನ್ನು ಅವರಷ್ಟು ಖಚಿತವಾಗಿ ಹೇಳಬಲ್ಲವರು ಇನ್ನೊಬ್ಬರಿರಲಿಲ್ಲ. ಆ ಪೇಟೆಯ ಒಂದೇ ಒಂದು ಖಾನಾವಳಿಯಲ್ಲೂ ಅವರು ಒಂದು ತುತ್ತು ಉಂಡಿರಲಿಲ್ಲ ಎಂಬುದು ಬೇರೆ ಮಾತು!

ಅವರು ಬಾಂಡ್ ರೈಟರು. ಕೋರ್ಟು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಚಾಪೆ ಹಾಸಿ, ಮುಂದೊಂದು ಇಳಿಜಾರು ಹಲಗೆಯ ಪೆಟ್ಟಿಗೆ ಇಟ್ಟುಕೊಂಡು, ಖರೇದಿಪತ್ರ, ಆಸ್ತಿ ಪಾಲು ಮಾಡುವ ವಾಟ್ನಿಪತ್ರ, ಬಕ್ಷೀಸುಪತ್ರಗಳನ್ನು ಬರೆಯುತ್ತಿದ್ದರು. ಊರಿಗೆಲ್ಲ ಅವರು ಕಾಕಾ. ಅವರು ಬರೆದ ಕಾಗದವನ್ನು ಯಾವ ವಕೀಲನೂ ಅಲುಗಾಡಿಸಿದ್ದಿಲ್ಲ. "ನನ್ನ ಕಾಗದದಾಗ ಇರಿವಿ ಹೋಗಾಕೂ ಸಂದ ಇರೂದಿಲ್ಲ" ಎನ್ನುವಾಗ ಅವರ ಮೀಸೆ ತಾನಾಗಿಯೇ ಮೇಲೇಳುತ್ತಿತ್ತು. ಮಧ್ಯಾಹ್ನವಾದರೆ ಪೆಟ್ಟಿಗೆ ಮುಚ್ಚಿ, ಅದರ ಮೇಲೆಯೇ ಹೆಂಡತಿ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ, ಎರಡು ಜೋಳದ ರೊಟ್ಟಿ, ಒಂದಿಷ್ಟು ಗುರೆಳ್ಳು ಚಟ್ನಿ ಉಂಡು ಕೈ ತೊಳೆದುಬಿಡುವರು. ಅಷ್ಟೇ ಅವರ ಊಟ.

ನಾನು ಹೂವಿನ ಹಿಪ್ಪರಗಿಯವನು. ಏಕೀಕರಣವಾದ ಮೂರೋ ನಾಲ್ಕೋ ವರ್ಷಕ್ಕೆ ಇಂಡಿಯ ಹೈಸ್ಕೂಲಿಗೆ ಮಾಸ್ತರನಾಗಿ ಬಂದೆ. ಮದುವೆಯಾಗಿರಲಿಲ್ಲ. ಅಡುಗೆ ಬರುತ್ತಿರಲಿಲ್ಲ. ಹಸಿವು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಎಲ್ಲಿ ಉಣ್ಣಲಿ ಎಂದು ಯಾರನ್ನೇ ಕೇಳಿದರೂ ಬೇವಿನ ಮರದ ಕಡೆ ಕೈ ತೋರಿಸಿದರು. ಹೋದೆ. ಕಾಕಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾಡಿ ಹಿಡಿಯಲಿಲ್ಲ, ನಾಲಿಗೆ ನೋಡಲಿಲ್ಲ, ಅದೊಂದು ನನ್ನ ಪುಣ್ಯ.

"ತಾಯಿ ಅದಾರೇನ್ರಿ ಮಾಸ್ತರ?"

"ಅದಾರ್ರಿ."

"ಮನಿ ನೆನಪು ಮುಂಜಾನಿ ಎದ್ದಾಗ ಬರ್ತೈತೋ, ಉಣ್ಣಾಕ ಕುಂತಾಗ ಬರ್ತೈತೋ?"

"ಉಣ್ಣಾಕ ಕುಂತಾಗರಿ."

"ಹಂಗಾರ ಅಕ್ಕನ ಖಾನಾವಳಿ" ಎಂದು ತೀರ್ಪು ಕೊಟ್ಟು, ಮುಂದಿನ ಪಕ್ಷಗಾರನ ಕಡೆ ತಿರುಗಿಕೊಂಡರು.

ಹೌದು, ಅವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾನಾವಳಿ! ದಾವೆ ಗೆದ್ದವರು ಅಡತಿ ಬಜಾರದ ಸಾಹುಕಾರರು ಉಣ್ಣುವಲ್ಲಿಗೆ ಹೋಗಬೇಕು, ಅಲ್ಲಿ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಾರೆ. ಸಾಹೇಬರು ಇನ್ನೂ ಬಂದಿಲ್ಲ ಎಂದು ಕಾಯುವವರು ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ತಿನ್ನಬೇಕು, ಬಾಯಿ ಉರಿಯುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ. ಸಾಕ್ಷಿ ಹೇಳುವ ಮುಂಚೆ ಕೈಕಾಲು ನಡುಗುವವರಿಗೆ ಮಸೀದಿ ಹಿಂದಿನ ಚಾಚಾನ ಅಂಗಡಿಯ ಚಹಾ. ಚಾಚಾ ಯಾರನ್ನೂ ಬೇಗ ಏಳು ಎನ್ನುತ್ತಿರಲಿಲ್ಲ. ಇನ್ನು ದಾವೆ ಸೋತವರು, ಹೊಲ ಮಾರಿದವರು, ಅಣ್ಣತಮ್ಮಂದಿರಿಂದ ಆಗ ತಾನೇ ಬೇರೆಯಾದವರು, ಇವರಿಗೆಲ್ಲ ಅಕ್ಕನ ಖಾನಾವಳಿ. ಇದೇ ಸಾಲಿಗೆ ನನ್ನನ್ನೂ ಸೇರಿಸಿದ್ದರು ನೋಡಿ.

ಬಸ್ ಸ್ಟ್ಯಾಂಡಿನ ಎದುರು ಹೊಸದಾಗಿ ಇನ್ನೊಂದು ದೊಡ್ಡ ಹೋಟೆಲು ತೆರೆದವನು ಒಂದು ದಿನ ಮರದ ಕೆಳಗೆ ಬಂದು ಕೈ ಮುಗಿದ. "ಕಾಕಾ, ನಮ್ಮ ಕಡಿಗೂ ನಾಕ ಮಂದೀನ ಕಳಸ್ರಿ. ಕಲ್ಲಿನ ಟೇಬಲ್ ಹಾಕೇನಿ, ಗ್ವಾಡಿಗೆಲ್ಲಾ ಕನ್ನಡಿ ಐತಿ."

"ಅಳಾಕ ಜಾಗಾ ಐತೇನು?"

ಆತ "ರೇಡಿಯೋ ಐತ್ರಿ" ಎಂದ.

"ಆತು ಬಿಡು. ಗೆದ್ದವರನ್ನ ಕಳಸ್ತೇನಿ."

ಅಕ್ಕನ ಖಾನಾವಳಿ ಬಜಾರದ ಹಿಂದಿನ ಓಣಿಯಲ್ಲಿತ್ತು. ಉದ್ದನೆಯ ಇಕ್ಕಟ್ಟಾದ ಕೋಣೆ, ಒಂದೇ ಸಾಲು ಮಣೆ, ತುದಿಯಲ್ಲಿ ಒಲೆ. ಊರಿಗೆಲ್ಲ ಅಕ್ಕನಾದ ಈಕೆ ನಲವತ್ತು ದಾಟಿದ ಹೆಣ್ಣುಮಗಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಂದವರ ಮುಖವನ್ನು ಅಕ್ಕ ದಿಟ್ಟಿಸುತ್ತಿರಲಿಲ್ಲ. ತಾಟಿನಲ್ಲಿ ಬಿಸಿ ರೊಟ್ಟಿ, ಎಣಗಾಯಿ, ಮೊಸರು ಬಂದು ಬೀಳುತ್ತಿದ್ದವು. ಯಾರಾದರೂ ಕಣ್ಣೊರೆಸಿಕೊಂಡರೆ, "ಒಲಿ ಹೊಗಿ ಭಾಳ ಆಗೇತ್ರಿ ಇವತ್ತ" ಎಂದು ತಾವೇ ತಪ್ಪು ಹೊತ್ತುಕೊಳ್ಳುವರು. "ಕಾಕಾ ಕಳಿಸ್ಯಾರ್ರಿ" ಎಂದರೆ ಸಾಕು, ಕೇಳದೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಅದರ ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತಿತ್ತು. "ಅವರ ಕೆಮ್ಮು ಕಡಿಮಿ ಆಗೇತೇನ್ರಿ?" ಗಿರಾಕಿ ಕಳಿಸುವವರ ಮೇಲೆ ಇಷ್ಟಾದರೂ ಕಾಳಜಿ ಬೇಡವೇ ಎಂದು ನಾನು ತಿಳಿದುಕೊಂಡಿದ್ದೆ.

ಉಂಡು ಬಂದ ಮೇಲೆ ಕಾಕಾನ ಪಾಟೀಸವಾಲು! ಬೇರೆ ಕಡೆ ಉಂಡವರನ್ನು ಅವರು ಏನೂ ಕೇಳುತ್ತಿರಲಿಲ್ಲ. ಅಕ್ಕನಲ್ಲಿ ಉಂಡವರಿಗೆ ಮಾತ್ರ ಬಿಡುಗಡೆಯಿಲ್ಲ. ಪಲ್ಯ ಯಾವುದು? ರೊಟ್ಟಿ ಅಂಚು ಸೀಳಿತ್ತೋ, ದುಂಡಗಿತ್ತೋ? ಆಕೆ ನಕ್ಕಳೋ ಇಲ್ಲವೋ? ಕೊನೆಗೆ, ತಪ್ಪದೇ, "ಉಪ್ಪು ಸರಿ ಇತ್ತೇನ್ರಿ?"

ಒಮ್ಮೆ ಭೀಮಾತೀರದ ಇಬ್ಬರು ಅಣ್ಣತಮ್ಮಂದಿರು ವಾಟ್ನಿಪತ್ರ ಬರೆಸಲು ಬಂದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. "ಮೊದಲ ಉಂಡ ಬರ್ರಿ, ಹಸದ ಹೊಟ್ಟಿಲೆ ಮನಿ ಒಡಿಬಾರ್ದು" ಎಂದು ಕಾಕಾ ಇಬ್ಬರನ್ನೂ ಅಕ್ಕನಲ್ಲಿಗೆ ಅಟ್ಟಿದರು. ಅಲ್ಲಿ ಇರುವುದು ಒಂದೇ ಸಾಲು, ಮಗ್ಗುಲಲ್ಲೇ ಕೂರಬೇಕು. ತಿರುಗಿ ಬಂದಾಗ ಕಾಕಾ ಕೇಳಿದರು, ಉಪ್ಪು?

"ಹೆಚ್ಚಾಗಿತ್ರಿ" ಎಂದ ಅಣ್ಣ.

"ಕಡಿಮಿ ಇತ್ರಿ" ಎಂದ ತಮ್ಮ.

ಕಾಕಾ ನಿಟ್ಟುಸಿರು ಬಿಟ್ಟು, ಹೊಸ ಹಾಳೆ ತೆಗೆದು, ವಾಟ್ನಿಪತ್ರ ಬರೆಯತೊಡಗಿದರು.

ಹೊಟ್ಟೆಬಾಕನಿರಬೇಕು, ತಿನ್ನಲಾರದ್ದನ್ನು ಕಿವಿಯಿಂದ ತಿನ್ನುತ್ತಾನೆ ಎಂದು ಕಚೇರಿಯವರೆಲ್ಲ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಶ್ರಾವಣ ಹುಟ್ಟುವ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಅಕ್ಕನ ಬೇಳೆಯಲ್ಲಿ ಉಪ್ಪೇ ಇರಲಿಲ್ಲ. ನಾನು ಹುರುಪಿನಿಂದ ಮರದ ಕೆಳಗೆ ಬಂದು, "ಕಾಕಾ, ಇವತ್ತ ನಿಮ್ಮ ಅಕ್ಕ ಉಪ್ಪ ಮರತಾರ್ರಿ!" ಎಂದೆ. ಅವರು ನಗಲಿಲ್ಲ. ಲೇಖನಿಯನ್ನು ಒರೆಸಿ ಒಳಗಿಟ್ಟು, ಪೆಟ್ಟಿಗೆ ಮುಚ್ಚಿದರು. ಪಕ್ಷಗಾರರು ಕುಳಿತೇ ಇದ್ದರು.

"ಅಕ್ಕ ಅಲ್ರಿ ಮಾಸ್ತರ" ಎಂದರು. "ನನ್ನ ತಂಗಿ. ಪಂಚಮಿ ಬಂತಲ್ಲ, ಉಪ್ಪ ಮರೀತಾಳ. ವರ್ಷಾ ಹಿಂಗ."

ನಮ್ಮ ಕಡೆ ಪಂಚಮಿ ಎಂದರೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವ ಹಬ್ಬ. ಬಸ್ಸು ತುಂಬಿ, ಚಕ್ಕಡಿ ತುಂಬಿ, ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಈಕೆಯನ್ನು ಕರೆಯಲು ಹದಿನಾಲ್ಕು ವರ್ಷದಿಂದ ಯಾರೂ ಬಂದಿರಲಿಲ್ಲ. ಅಣ್ಣ ಕೂಗಳತೆಯ ದೂರದಲ್ಲೇ ಕುಳಿತಿದ್ದರು. ಮನೆತನ ಬೇರೆ ಊರಿನದು, ಈ ನಂಟು ಇಂಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗಂಡ ಸತ್ತ ಮೇಲೆ ತಂದೆ, ತವರಿಗೆ ಬಂದು ಒಂದು ಮೂಲೆಯಲ್ಲಿರು ಎಂದರಂತೆ. ಅಕ್ಕ, ಮೂಲೆಯಲ್ಲಿ ಕೂರುವುದು ನನ್ನಿಂದಾಗದು ಎಂದು ಪೇಟೆಯಲ್ಲಿ ಖಾನಾವಳಿ ಹಾಕಿದರು. ಗೌಡಕಿ ಮನೆತನದ ಮಗಳು ಕಂಡಕಂಡವರಿಗೆ ತಾಟು ಹಾಕುವುದೇ? ತಂದೆ ಮಗನಿಂದ ಒಂದು ಕಾಗದ ಬರೆಸಿದರು. ಆಕೆಯ ಮನೆಯ ಅನ್ನವನ್ನು ನಮ್ಮವರು ಯಾರೂ ಉಣ್ಣಬಾರದು, ಆಕೆಯನ್ನು ತವರಿಗೆ ಕರೆಯಬಾರದು. ಮಗ ಬರೆದು, ತಂದೆಯ ಪಾದ ಮುಟ್ಟಿ ಸಹಿ ಹಾಕಿದರು.

"ಅಪ್ಪ 'ಅನ್ನ' ಅಂತ ಅಷ್ಟ ಹೇಳಿದ್ದ, ಮಾಸ್ತರ. 'ಬೇಯಿಸಿದ್ದಾಗಲಿ, ಹುರಿದದ್ದಾಗಲಿ, ಹಸಿಯದಾಗಲಿ, ನೀರೇ ಆಗಲಿ' ಅಂತ ಬರದಾಂವ ನಾನು. ರೂಢಿ ನೋಡ್ರಿ, ಕೈ ನಿಲ್ಲಲಿಲ್ಲ."

ನಾನು ಬುದ್ಧಿವಂತಿಕೆ ತೋರಿಸಲು ಹೋದೆ. "ನಾ ತಂದ ಕೊಟ್ರರಿ? ನೀವು ಅಲ್ಲಿಗೆ ಹೋಗೂದಽ ಬ್ಯಾಡ."

"'ಪರರ ಕೈಯಿಂದಲೂ' ಅಂತ ಬರದೇನಿ."

"ಅಪ್ಪಾರು ತೀರಿಕೊಂಡಾರಲ್ರಿ?"

"'ನನ್ನ ನಂತರವೂ' ಅಂತ ಬರದೇನಿ. ಅಪ್ಪ ಹೋದಾಗಿಂದ ಸಂದ ಹುಡುಕಾಕತ್ತು ಒಂಬತ್ತ ವರ್ಷಾತು. ಇಲ್ರಿ. ಭಾಳ ಛಲೋ ಬರದೇನಿ" ಎಂದರು. ಈ ಸಲ ಮೀಸೆ ಮೇಲೇಳಲಿಲ್ಲ.

ಆದರೆ ಉಪ್ಪಿನದೇನು ಕಥೆ? ತಾಯಿ ಇಲ್ಲದ ಮನೆ, ಸಣ್ಣ ವಯಸ್ಸಿಗೇ ತಂಗಿಯ ಕೈಗೆ ಒಲೆ ಬಂದಿತ್ತು. ತಂದೆಯ ಹೆದರಿಕೆಗೆ ಆಕೆ ಉಪ್ಪು ಮರೆಯುವಳು. ತಂದೆ ತಾಟು ಎಸೆಯುವ ಮನುಷ್ಯ. ಆಕೆ ಮೊದಲು ಅಣ್ಣನಿಗೆ ಬಡಿಸಿ, "ಉಪ್ಪು ಸರಿ ಐತೇನಣ್ಣಾ?" ಎಂದು ಕೇಳುವಳು. ಕಡಿಮೆಯಿದ್ದರೆ ಕಾಕಾ ತಂದೆಗೆ ಕೇಳುವಂತೆ "ಸರಿ ಐತಿ" ಎಂದು ಹೇಳಿ, ಮೆಲ್ಲಗೆ ಉಪ್ಪಿನ ಡಬ್ಬಿಯ ಕಡೆ ಕಣ್ಣು ತಿರುಗಿಸುವರು. ತಂದೆಗೆ ಕೊನೆಯವರೆಗೂ ಗೊತ್ತಾಗಲಿಲ್ಲವಂತೆ. ಇದನ್ನೆಲ್ಲ ಅವರು ಇನ್ನೊಬ್ಬರ ಮುಂದೆ ಹೇಳಿದ್ದು ಅದೇ ಮೊದಲು.

ಪಂಚಮಿಯ ಹಿಂದಿನ ದಿನ, ರೊಟ್ಟಿ ಪಂಚಮಿಗೆ, ಸಾಲೆಗೆ ಸೂಟಿ. ಮುಂಜಾನೆ ನನ್ನ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಹೊಸ ರುಮಾಲು ಸುತ್ತಿ, ಒಗೆದ ಧೋತರ ಉಟ್ಟು, ಕಾಕಾ ನಿಂತಿದ್ದರು. ಕೈಯಲ್ಲಿ ಮಡಚಿದ ಹಳೆಯ ಕಾಗದ.

"ಏಳ್ರಿ ಮಾಸ್ತರ. ಒಬ್ಬ ಸಾಕ್ಷಿದಾರ ಬೇಕು."

"ಸಂದ ಸಿಕ್ತೇನ್ರಿ?"

"ಇಲ್ಲ. ಮುರಿಯಾಕ ಹೊಂಟೇನಿ."

ಇಷ್ಟು ವರ್ಷ ಯಾರ ಕಾಗದವನ್ನೂ ಸೋಲಗೊಡದ ಮನುಷ್ಯ ಆಡಿದ ಮಾತಿದು. ದಾರಿಯಲ್ಲಿ ಅವರು ಎರಡು ಸಲ ಕೆಮ್ಮಿದರು, ಒಂದು ಸಲ ತಿರುಗಿ ಹೋಗಲು ನಿಂತರು. ನಾನು ತೋಳು ಹಿಡಿದುಕೊಂಡೆ.

ಖಾನಾವಳಿಯಲ್ಲಿ ಗಿರಾಕಿಗಳಿರಲಿಲ್ಲ. ಅಕ್ಕ ಒಬ್ಬರೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಸದ್ದಿಗೆ ತಿರುಗಿದರು. ಬಡಿಯುತ್ತಿದ್ದ ಕೈ ನಿಂತಿತು.

"ತಂಗೀ" ಎಂದರು ಕಾಕಾ. "ಪಂಚಮಿಗೆ ಕರಿಯಾಕ ಬಂದೇನಿ. ಅದಕ್ಕೂ ಮೊದಲ ಒಂದೀಟು ಉಣ್ಣಾಕ ಹಾಕು. ಹಸಿವಾಗೇತಿ."

ಅಕ್ಕ ಎರಡು ತಾಟು ಇಟ್ಟರು. ರೊಟ್ಟಿ ಬಂತು, ಎಣಗಾಯಿ ಬಂತು. ರಸವೆಲ್ಲ ತಾಟಿನ ಹೊರಗೇ ಬಿತ್ತು. ಕಾಕಾ ಕಾಗದವನ್ನು ಮಣೆಯ ಕೆಳಗೆ ಹಾಕಿ, ಅದರ ಮೇಲೆ ಕುಳಿತರು. ರೊಟ್ಟಿ ಮುರಿದು, ಎಣಗಾಯಿಯಲ್ಲಿ ಅದ್ದಿ, ಬಾಯಿಗಿಟ್ಟುಕೊಂಡರು. ಅಗಿಯುವುದನ್ನೇ ಮರೆತವರಂತೆ ಕುಳಿತುಬಿಟ್ಟರು.

"ಉಪ್ಪು ಸರಿ ಐತೇನಣ್ಣಾ?"

"ಸರಿ ಐತಿ. ಇನ್ನೊಂದ ರೊಟ್ಟಿ ಹಾಕವಾ."

ಅಷ್ಟರಲ್ಲಿ ನಾನೂ ತುತ್ತು ಬಾಯಿಗಿಟ್ಟಿದ್ದೆ. ಎಣಗಾಯಿಯಲ್ಲಿ ಉಪ್ಪಿನ ಹೆಸರೇ ಇರಲಿಲ್ಲ! ಕಾಕಾನ ಕಡೆ ನೋಡಿದೆ. ಅವರು ಈ ಸಲ ಯಾವ ಡಬ್ಬಿಯ ಕಡೆಗೂ ಕಣ್ಣು ತಿರುಗಿಸದೆ, ತಲೆ ತಗ್ಗಿಸಿ ಗಬಗಬ ಉಣ್ಣುತ್ತಿದ್ದರು. ಮೀಸೆ ಒದ್ದೆಯಾಗಿತ್ತು. ಅಕ್ಕನಿಗೆ ಸಂಶಯ ಬಂದಿರಬೇಕು, ನನ್ನ ಕಡೆ ತಿರುಗಿದರು.

"ಮಾಸ್ತರ, ನೀವರ ಖರೇ ಹೇಳ್ರಿ."

ಕಾಕಾ ಸಾಕ್ಷಿಗೆಂದೇ ನನ್ನನ್ನು ಕರೆದುಕೊಂಡು ಬಂದಿದ್ದರಲ್ಲ! "ಬರೋಬ್ಬರಿ ಐತ್ರಿ ಅಕ್ಕಾರ" ಎಂದು ಸುಳ್ಳುಸಾಕ್ಷಿ ಹೇಳಿ, ನಾನೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.