ಒಂಬತ್ತನೇ ಕ್ಲಾಸಿನ ಕೋರ್ಟು

ತೆಲುಗು ಸೀಮೆಯ ಈ ಊರಿನಲ್ಲಿ, ಸುಲ್ತಾನ್ ಬಜಾರಿನ ಹಿಂದಿನ ನಮ್ಮ ಶಾಲೆಯಲ್ಲಿ ನಾನು ಕನ್ನಡ ಟೀಚರ್, ಮಕ್ಕಳ ಬಾಯಲ್ಲಿ ಬಾಯಾರು. ಮಕ್ಕಳಿಗೆ ವಾದ ಮಾಡೋದು ಬರಲಿ ಅಂತ ಕ್ಲಾಸಿನಲ್ಲೇ ಕೋರ್ಟು ನಡೆಸುತ್ತಿದ್ದೆ. ಕೋರ್ಟು ಅಂದ ಮೇಲೆ ನಗುವ ಸಂಗತಿಗಳಿಗೆ ಬರವಿಲ್ಲ. ನಕ್ಕ ಮೇಲೆ ಬಾಯಿ ಯಾಕೆ ಕಹಿಯಾಗುತ್ತದೋ ತಿಳಿಯದು.

ಸಾಕ್ಷಿ

ಮೊದಲ ಕೇಸು ರೊಟ್ಟಿ ಕಳವು. ಒಬ್ಬನ ಡಬ್ಬಿಯ ರೊಟ್ಟಿಯನ್ನು ಇನ್ನೊಬ್ಬ ತಿಂದಿದ್ದ. ಕಣ್ಣಾರೆ ಕಂಡ ಸಾಕ್ಷಿ ಬೆಳಿಗ್ಗೆ "ಇವನೇ ತಿಂದಾನ್ರಿ" ಅಂದ. ಊಟದ ಬಿಡುವು ಮುಗಿಸಿ ಬಂದವನು "ನಾ ಆ ಕಡೆ ನೋಡೇ ಇಲ್ರಿ" ಅಂದ. ಬಾಯಿಗೆ ಮಿರ್ಚಿ ಭಜಿಯ ಎಣ್ಣೆ ಹತ್ತಿತ್ತು.

"ಸಾಕ್ಷಿ ಹೇಳೋದು ಹಿಂಗೇನೋ?" ಅಂದೆ.

"ಹೌದ್ರಿ ಬಾಯಾರ. ನಮ್ಮ ಕಾಕಾ ವಕೀಲರ ಕಡೆ ಗುಮಾಸ್ತ ಇದ್ದಾರ್ರಿ."

ನಾನು ಕಲಿಸುವ ಮೊದಲೇ ಅವನ ಅರ್ಧ ಪಾಠ ಮುಗಿದಿತ್ತು.

ಮನೆಯ ಜಡ್ಜು

ಕ್ಲಾಸಿನ ಒಬ್ಬ ಹುಡುಗಿಯ ವಾದಕ್ಕೆ ಎದುರಾಳಿಯೇ ಸಿಗುತ್ತಿರಲಿಲ್ಲ. ಹತ್ತನೇದರ ನಂತರ ಓದು ಸಾಕು ಅಂತ ಮನೆಯಲ್ಲಿ ನಿರ್ಧಾರವಾಗಿತ್ತು. ಆಕೆ ಅಲ್ಲೂ ವಾದಕ್ಕೆ ನಿಂತಳು. ಮರುದಿನ ಅರಿವೆ ಅಂಗಡಿಯಲ್ಲಿ ಕೆಲಸ ಮಾಡುವ ಅವರಪ್ಪ ಶಾಲೆಗೆ ಬಂದರು.

"ಭಾಳ ಚಲೋ ಮಾತಾಡಿದಳ್ರಿ ಬಾಯಾರ. ನನಗ ಒಂದಕ್ಕೂ ಉತ್ತರ ಕೊಡಾಕ ಆಗಲಿಲ್ಲ."

"ಹಂಗಾದ್ರ ಕಾಲೇಜಿಗೆ ಕಳಸ್ತೀರಲ್ಲ?"

"ಅದೆಲ್ಲಾ ತೀರ್ಮಾನ ಮಾಡಾಕಿ ನಮ್ಮವ್ವರಿ. ಆಕಿಗೆ ಕಿವಿ ಕೇಳಂಗಿಲ್ಲ."

ಗೆದ್ದ ಕೇಸು

ಅಷ್ಟರಲ್ಲಿ ಶಾಲೆಯ ಕನ್ನಡ ಮಾಧ್ಯಮದ ವಿಭಾಗವನ್ನೇ ಮುಚ್ಚುವ ಮಾತು ಎದ್ದಿತು. ಮಕ್ಕಳು ಅದನ್ನೇ ಕೇಸು ಮಾಡಿ, ಆಡಳಿತ ಮಂಡಳಿಯ ಕಾರ್ಯದರ್ಶಿಗಳನ್ನೇ ಜಡ್ಜಾಗಿ ಕೂರಿಸಿದರು. ಕನ್ನಡದ ಪರ ಅದೇ ಹುಡುಗಿ.

"ಸಾಹೇಬ್ರ, ಅಂಗಡ್ಯಾಗ ತೆಲುಗು, ಬಸ್ಸಿನ್ಯಾಗ ಹಿಂದಿ. ಎಲ್ಲಾ ಕಡೆ ತಪ್ಪಾದೀತು ಅಂತ ಅಂಜಿ ಮಾತಾಡ್ತೀವ್ರಿ. ಅಂಜದ ಜಗಳಾಡೋದು ಈ ಕ್ಲಾಸಿನ ಖೋಲ್ಯಾಗ ಅಷ್ಟ. ಇದನ್ನೂ ಮುಚ್ಚತೀರೇನ್ರಿ?"

ಕಾರ್ಯದರ್ಶಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತೀರ್ಪು ಕನ್ನಡದ ಕಡೆ ಬಂತು. ಮಕ್ಕಳು ಬೆಂಚು ಬಡಿದರು. ಕಾರ್ಯದರ್ಶಿಗಳನ್ನು ಕಳಿಸಲು ಮೆಟ್ಟಿಲಿನವರೆಗೆ ಹೋದೆ.

"ಬಾಯಾರ, ಎಂಥಾ ಹುಡುಗಿ ರೀ" ಅಂದರು. "ಇಂಥಾಕಿನ್ನ ಕನ್ನಡದಾಗ ಇಟ್ಟು ಯಾಕ ಹಾಳ ಮಾಡಾಕತ್ತೀರಿ? ಇಂಗ್ಲಿಷ್ ವಿಭಾಗಕ್ಕ ಕಳಸ್ರಿ."

ಕಳಿಸಿದೆವು. ಆಕೆಯ ಹಿಂದೆ ಉಳಿದವರೂ ಹೋದರು. ಜೂನಿನಲ್ಲಿ ನಮ್ಮ ಖೋಲಿಗೆ ಬೀಗ ಬಿತ್ತು. ನನ್ನನ್ನು ಮಾತ್ರ ಕೈಬಿಡಲಿಲ್ಲ. ಇಂಗ್ಲಿಷ್ ವಿಭಾಗದಲ್ಲೇ ಒಂದು ಕೆಲಸ ಕೊಟ್ಟಿದ್ದಾರೆ. ಟೀಚರ್ ಇಲ್ಲದ ಕ್ಲಾಸುಗಳಿಗೆ ಹೋಗಿ, ಮಕ್ಕಳು ಮಾತಾಡದಂತೆ ನೋಡಿಕೊಳ್ಳಬೇಕು.