ಮೋರಟಗಿಯ ಸೋಮವಾರದ ಮಳೆ

ಮಳೆಯ ವಿಷಯದಲ್ಲಿ ನನ್ನಷ್ಟು ಖಚಿತವಾಗಿ ಮಾತಾಡುವ ಮನುಷ್ಯ ಆ ಕಾಲಕ್ಕೆ ಇಡೀ ಸಿಂದಗಿ ತಾಲೂಕಿನಲ್ಲಿ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ತೊಂಬತ್ತರ ದಶಕದಲ್ಲಿ ನಾನು ಮೋರಟಗಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಹವಾಮಾನ ಸಂಶೋಧನೆಯ ಒಂದು ಪತ್ರಿಕೆಯವರು ಹಳ್ಳಿಹಳ್ಳಿಯ ಮಳೆಯ ಲೆಕ್ಕ ಬೇಕೆಂದು ಆಸಕ್ತರಿಗೆಲ್ಲ ಮಳೆಮಾಪಕ ಕೊಟ್ಟಿದ್ದರು. ಅದರಲ್ಲೊಂದು ನನ್ನ ಹಿತ್ತಿಲಿಗೂ ಬಂತು. ಮೇಲೆ ಅಗಲ ಬಾಯಿಯ ಲಾಳಿಕೆ, ಕೆಳಗೆ ನೀರು ಕೂಡುವ ಡಬ್ಬಿ, ಅಳೆಯಲು ಒಂದು ಗಾಜಿನ ಕೊಳವೆ, ಅಷ್ಟೇ. ಪತ್ರಿಕೆಯ ಹೆಸರು ಹೇಳುವುದಿಲ್ಲ. ನನ್ನಿಂದ ಅದಕ್ಕೆ ಆದದ್ದೇ ಸಾಕು.

ಆ ಮಾಪಕವನ್ನು ನಾನು ನೋಡಿಕೊಂಡ ರೀತಿಯನ್ನು ನೀವು ನೋಡಬೇಕಿತ್ತು. ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದೆ, ಕಟ್ಟೆಗೆ ಬಿಳಿ ಸುಣ್ಣ ಬಳಿಸಿದೆ, ಕೆಸರಾಗಬಾರದೆಂದು ಅದರ ಹತ್ತಿರ ಚಪ್ಪಲಿ ನಿಷೇಧಿಸಿದೆ. ಏಳೂವರೆಗೆ ಏಳುವುದು, ಸ್ನಾನ ಮಾಡುವುದು, ಎಂಟೂವರೆಗೆ ಸರಿಯಾಗಿ ಬರಿಗಾಲಲ್ಲಿ ಹೋಗಿ ಅದರ ಮುಂದೆ ಬಗ್ಗಿ ನೀರು ಅಳೆಯುವುದು. ಏಳು ವರ್ಷ ಒಂದು ದಿನವೂ ತಪ್ಪಲಿಲ್ಲ. ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಬಹುತೇಕ ದಿನ ನಾನು ಬಗ್ಗಿ ಸೊನ್ನೆ ನೋಡುತ್ತಿದ್ದೆ, ಎದ್ದು ಸೊನ್ನೆ ಬರೆಯುತ್ತಿದ್ದೆ.

ಹೀಗೆ ಸೊನ್ನೆ ಬರೆಯುತ್ತ ಬರೆಯುತ್ತ ಒಂದು ದಿನ ಮಹಾ ಶೋಧ ನಡೆದುಹೋಯಿತು. ಹಳೆಯ ವಹಿಗಳನ್ನು ತಿರುವುತ್ತಿದ್ದವನಿಗೆ ಕಂಡದ್ದೇನು? ಬೇಸಿಗೆ ಇರಲಿ, ಚಳಿಗಾಲ ಇರಲಿ, ಸೋಮವಾರ ಮಾತ್ರ ಮೂರೋ ನಾಲ್ಕೋ ಮಿಲಿಮೀಟರ್ ಮಳೆ! ಉಳಿದ ಆರು ದಿನ ಒಣ ಒಣ. ಶ್ರಾವಣದ ಸೋಮವಾರಗಳಲ್ಲಂತೂ ಅದು ಹದಿನೈದರ ತನಕ ಏರುತ್ತಿತ್ತು.

ಎದುರು ಮನೆಯ ಮಲ್ಲಪ್ಪ ಮಾತ್ರ ಒಪ್ಪಲಿಲ್ಲ. ಅವನು ಒಕ್ಕಲುತನದವನು, ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಹರವಿದ್ದ. ಬೆಳಗಿನ ಜಾವ ನಾಲ್ಕು ಮಿಲಿಮೀಟರ್ ಬಿದ್ದಿದೆ ಎಂದು ನಾನು ಹೇಳಿದರೆ ಅವನು ಒಂದು ಕಾಯಿ ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಬೀಜ ಗಲಗಲ ಎಂದಿತು.

"ಮಾಸ್ತರ್, ನನ್ನ ಕಾಯಿ ತೊಯ್ದಿಲ್ಲಲ್ರೀ. ನಿಮ್ಮ ಮಳಿ ರಸ್ತಾ ದಾಟಂಗಿಲ್ಲೇನು?"

ನಾನು ನಕ್ಕೆ. ಉಪಕರಣಕ್ಕೆ ಸುಳ್ಳು ಹೇಳಲು ಬರುವುದಿಲ್ಲ, ಮೆಣಸಿನಕಾಯಿಯನ್ನು ಯಾವ ಶಾಸ್ತ್ರವೂ ಸಾಕ್ಷಿ ಎಂದು ಒಪ್ಪುವುದಿಲ್ಲ ಎಂದು ಅವನಿಗೆ ವಿವರಿಸಿದೆ. ಅವನು ಕಾಯಿಯನ್ನು ವಾಪಸ್ ಇಟ್ಟು ಒಳಗೆ ಹೋದ.

ಕಾರಣವನ್ನೂ ನಾನೇ ಕಂಡುಹಿಡಿದೆ. ನಮ್ಮೂರಿನ ಸಂತೆ ರವಿವಾರ. ಚಕ್ಕಡಿ, ಟೆಂಪೊ, ಎತ್ತು, ಜನ ಎಲ್ಲ ಸೇರಿ ಧೂಳೆಬ್ಬಿಸುತ್ತವೆ. ಧೂಳಿನ ಕಣಕ್ಕೆ ಆವಿ ಅಂಟಿ ಹನಿಯಾಗುತ್ತದೆ, ಸೋಮವಾರ ನಸುಕಿನಲ್ಲಿ ಬೀಳುತ್ತದೆ, ಜನ ಏಳುವುದರೊಳಗೆ ನೆಲ ಹೀರಿಕೊಳ್ಳುತ್ತದೆ. ಶ್ರಾವಣದಲ್ಲಿ ಸಂತೆ ಜೋರು, ಆದ್ದರಿಂದ ಮಳೆಯೂ ಜೋರು. 'ಸಂತೆಯ ಧೂಳು ಮತ್ತು ಸೋಮವಾರದ ವೃಷ್ಟಿ' ಎಂದು ಹತ್ತು ಪುಟದ ಲೇಖನ ಬರೆದು ಪತ್ರಿಕೆಗೆ ಕಳಿಸಿದೆ. ಯಾರಾದರೂ ಕದ್ದಾರೆಂದು ಹೆಂಡತಿ ಸುಶೀಲಾಗೂ ವಿಷಯ ಬಿಟ್ಟುಕೊಡಲಿಲ್ಲ.

ತಿಂಗಳಲ್ಲಿ ಸಂಪಾದಕರ ಪತ್ರ ಬಂತು. ಪತ್ರಿಕೆಗೆ ಇಪ್ಪತ್ತೈದು ವರ್ಷ ತುಂಬುತ್ತಿದೆ, ಮಳೆ ಕಡಿಮೆ ಇರುವ ಸೀಮೆಯಲ್ಲೇ ರಜತ ಮಹೋತ್ಸವದ ವಿಚಾರ ಸಂಕಿರಣ ನಡೆಸಬೇಕೆಂದು ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಏರ್ಪಾಡಾಗಿದೆ, ತಾವು ಬಂದು ಪ್ರಬಂಧ ಮಂಡಿಸಬೇಕು. ಸಭೆಯಲ್ಲಿ ತಜ್ಞರು ಒಪ್ಪಿದರೆ ವಿಶೇಷ ಸಂಚಿಕೆಯ ಮೊದಲ ಲೇಖನವೇ ನನ್ನದು! ಆ ಸಾಲನ್ನು ನಾನು ಎಷ್ಟು ಸಲ ಓದಿದೆನೆಂದರೆ ಕಾಗದದ ಮಡಿಕೆ ಹರಿಯಿತು. ನನ್ನ ಹೆಸರು ಅಚ್ಚಿನಲ್ಲಿ ಬರುವುದನ್ನು ನಾನು ಅಷ್ಟು ಆಸೆಪಟ್ಟಿದ್ದೆ.

ಸುಶೀಲಾಳನ್ನೂ ಕರೆದುಕೊಂಡು ಹೊರಟೆ. ಗಂಡನಿಗೆ ಆಗುವ ಸನ್ಮಾನವನ್ನು ಅವಳು ಕಣ್ಣಾರೆ ನೋಡಬೇಡವೇ? ಮದುವೆಯ ಕೋಟು ಹಾಕಿಕೊಂಡೆ. ಗುಂಡಿ ಹತ್ತಲಿಲ್ಲ, ಬಿಟ್ಟೇ ಹಾಕಿಕೊಂಡೆ. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಪಕ್ಕದಲ್ಲಿ ನಿಂತ ಅಪರಿಚಿತರಿಗೂ ನಾನು ಎಲ್ಲಿಗೆ, ಯಾಕೆ ಹೊರಟಿದ್ದೇನೆಂದು ತಿಳಿಸಿದೆ. ಅವರು ಬಸ್ಸಿನ ಬೋರ್ಡು ನೋಡತೊಡಗಿದರು.

ಸಭಾಂಗಣ ತುಂಬಿತ್ತು. ನಾನು ಡ್ರಾಯಿಂಗ್ ಹಾಳೆಯಲ್ಲಿ ನೀಲಿ ಬಣ್ಣದ ಕಂಬಗಳನ್ನು ಬರೆದು ತಂದಿದ್ದೆ. ಸೋಮವಾರದ ಕಂಬ ಎತ್ತರಕ್ಕೆ ನಿಂತಿತ್ತು, ಉಳಿದ ವಾರಗಳು ನೆಲ ಹಿಡಿದಿದ್ದವು. ಹತ್ತು ನಿಮಿಷ ಕೊಟ್ಟಿದ್ದರು, ಅರ್ಧ ಗಂಟೆ ಮಾತಾಡಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಸುಶೀಲಾ ಮಾತ್ರ ಚಪ್ಪಾಳೆ ತಟ್ಟದೆ ಸೆರಗಿನ ತುದಿ ಹಿಡಿದು ಹಾಳೆಯನ್ನೇ ನೋಡುತ್ತಿದ್ದಳು. ಅಭಿಮಾನದಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಆಗ ಬೆಂಗಳೂರಿನಿಂದ ಬಂದಿದ್ದ ಒಬ್ಬ ತಜ್ಞೆ ಎದ್ದು ನಿಂತರು. ತಣ್ಣಗಿನ ದನಿಯ ಹೆಂಗಸು. ಹತ್ತಿರದ ಇಂಡಿ ಊರಿನ ಮಾಪಕದಲ್ಲಾಗಲಿ ದೇವಣಗಾಂವದ ಮಾಪಕದಲ್ಲಾಗಲಿ ಈ ಸೋಮವಾರದ ಮಳೆ ಇಲ್ಲವಲ್ಲ ಎಂದರು. ಅವರ ಧೂಳು ಬೇರೆ, ನಮ್ಮ ಧೂಳು ಬೇರೆ ಎಂದೆ. ಸಭೆ ತಲೆದೂಗಿತು. ಅವರು ಇನ್ನೊಂದು ಕೇಳಿದರು: "ಮಾಪಕದ ಹತ್ತಿರ ನೀವಲ್ಲದೆ ಬೇರೆ ಯಾರಾದರೂ ಹೋಗುತ್ತಾರೆಯೇ?"

ಇಲ್ಲಿ ನಾನು ಸುಮ್ಮನೆ ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಖಚಿತ ಮನುಷ್ಯ ನೋಡಿ! ನಾನು ಮತ್ತು ನನ್ನ ಶ್ರೀಮತಿ ಹೊರತು ಒಂದು ನರಪಿಳ್ಳೆಯೂ ಆ ಕಟ್ಟೆ ಹತ್ತುವುದಿಲ್ಲ, ಬೇಕಾದರೆ ಅವರನ್ನೇ ಕೇಳಿ, ಇಲ್ಲೇ ಇದ್ದಾರೆ ಎಂದು ಘೋಷಿಸಿ, ಕೈಯಲ್ಲಿದ್ದ ಮೈಕನ್ನು ನಾನೇ ಸುಶೀಲಾಗೆ ಕೊಟ್ಟೆ.

ಅವಳು ಮೈಕನ್ನು ದೂರ ಹಿಡಿದು, ಬೇಡವೆಂದು ಕಣ್ಣಿನಲ್ಲೇ ನನಗೆ ಹೇಳಿದಳು. ಹೆದರಬೇಡ, ಇದ್ದದ್ದು ಇದ್ದಂತೆ ಹೇಳು ಎಂದು ಧೈರ್ಯ ತುಂಬಿದೆ. ಅವಳು ಹೇಳಿದಳು.

"ನಾ ಸೋಮವಾರಕ್ಕೊಮ್ಮೆ ಅಷ್ಟ ಹೋಗ್ತೇನ್ರಿ. ನಸುಕಿನ್ಯಾಗ ಗುಡಿಗೆ ಹೋಗಿ ಈಶ್ವರಗ ನೀರು ಹಾಕಿ ಬರ್ತೇನಿ. ತಂಬಿಗ್ಯಾಗ ಒಂದೀಟು ಉಳಿದಿರ್ತೈತಿ, ಅದನ್ನ ಅದಕ್ಕ ಹಾಕಿ ಕೈ ಮುಗಿತೇನ್ರಿ."

ತಜ್ಞೆ ಬಹಳ ಮೃದುವಾಗಿ ಯಾಕೆಂದು ಕೇಳಿದರು.

"ಇವರು ದಿನಾ ಜಳಕಾ ಮಾಡಿ ಬರಿಗಾಲ್ಲೆ ಅದರ ಮುಂದ ಬಗ್ಗತಾರ್ರಿ. ಕಟ್ಟಿ ಕಟ್ಟಿಸ್ಯಾರ, ಚಪ್ಪಲಿ ಹಾಕ್ಕೊಂಡು ಹೋಗಬ್ಯಾಡ ಅಂತಾರ. ಸೊನ್ನಿ ಬರದಿಟ್ಟ ದಿನ ಊಟಾನೂ ನೆಟ್ಟಗ ಮಾಡಂಗಿಲ್ರಿ. ಒಂದೀಟು ಮಳಿ ಕೊಡಪ್ಪಾ ಅಂತ ಬೇಡ್ಕೊಂಡೇನ್ರಿ, ಮತ್ತೇನಿಲ್ಲ."

ನಾನು ಮೈಕು ವಾಪಸ್ ತೆಗೆದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಸಂಪಾದಕರು, ಹಾಗಾದರೆ ಶ್ರಾವಣದಲ್ಲಿ ಅಷ್ಟೊಂದು ಹೇಗೆ ಎಂದು ಕೇಳಿಬಿಟ್ಟರು.

"ಶ್ರಾವಣದಾಗ ಓಣಿ ಹೆಣ್ಣಮಕ್ಕಳು ನಾಕೈದು ಮಂದಿ ನನ್ನ ಕೂಡ ಬರ್ತಾರ್ರಿ."

ಮೊದಲು ನಕ್ಕವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಕೊನೆಗೆ ನಕ್ಕವರು ಸಂಪಾದಕರು, ಏಕೆಂದರೆ ಅಲ್ಲಿಯ ತನಕ ಅವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನನಗೆಂದು ತಂದಿದ್ದ ಶಾಲನ್ನು ಅವರು, ಪತ್ರಿಕೆಯ ಇಪ್ಪತ್ತೈದು ವರ್ಷದಲ್ಲಿ ಮಳೆ ತರಿಸಿದ ಒಬ್ಬರೇ ಒಬ್ಬರು ಎಂದು ಸುಶೀಲಾಗೆ ಹೊದಿಸಿದರು. ನಾನು ಗುಂಡಿ ಹತ್ತದ ಕೋಟಿನಲ್ಲಿ ಪಕ್ಕಕ್ಕೆ ನಿಂತು ಚಪ್ಪಾಳೆ ತಟ್ಟಿದೆ.

ವಾಪಸ್ ಬಸ್ಸಿನಲ್ಲಿ ಬಾಗೇವಾಡಿಯ ತನಕ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ. ಕೋಪ ಬಂದಿತ್ತು. ಯಾರ ಮೇಲೆ ಎಂದು ಲೆಕ್ಕ ಹಾಕಿದರೆ ಪ್ರತಿ ಸಲವೂ ನನ್ನ ಮೇಲೇ ಬರುತ್ತಿತ್ತು. ಏಳು ವರ್ಷದಲ್ಲಿ ಅವಳಿಗೆ ಆ ಡಬ್ಬಿ ಏನೆಂದು ನಾನು ಒಮ್ಮೆಯೂ ಹೇಳಿರಲಿಲ್ಲ. ಶಾಲಿನ ಅಂಚು ಸವರುತ್ತ ಅವಳೇ ಕೇಳಿದಳು, "ನನ್ನಿಂದ ತಪ್ಪಾತೇನ್ರಿ?" ತಪ್ಪು ಅವಳದಲ್ಲವೆಂದು ಹೇಳಿದೆ. ಹೇಳಿದ ಮೇಲೆ ಹಗುರಾಯಿತು, ಹಸಿವೂ ಆಯಿತು.

ವಿಶೇಷ ಸಂಚಿಕೆ ಬಂತು. ಹತ್ತು ಪುಟದ ಲೇಖನದ ಬದಲು ಕೊನೆಯ ಪುಟದಲ್ಲಿ ಎರಡು ಸಾಲಿನ ಸೂಚನೆ ಇತ್ತು: ವೀಕ್ಷಕರು ಮಳೆಮಾಪಕವನ್ನು ದಯವಿಟ್ಟು ಮನೆಯವರಿಗೂ ಪರಿಚಯಿಸಬೇಕು. ಏಳು ವರ್ಷದ ಸೋಮವಾರಗಳನ್ನೆಲ್ಲ ನಾನು ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ನಿಜವಾಗಿ ಮಳೆ ಬಿದ್ದ ಸೋಮವಾರಗಳೂ ಅದರೊಂದಿಗೇ ಹೋದವು. ಮಲ್ಲಪ್ಪ ನಾನು ರಸ್ತೆಯಲ್ಲಿ ಕಂಡಾಗಲೆಲ್ಲ ಒಂದು ಮೆಣಸಿನಕಾಯಿ ಎತ್ತಿ ಗಲಗಲ ಅಲ್ಲಾಡಿಸುತ್ತಿದ್ದ, ಅಷ್ಟೇ.

ಮುದ್ದೇಬಿಹಾಳದಿಂದ ಬಂದ ಮೇಲಿನ ಮೊದಲ ಸೋಮವಾರ ಎಂಟೂವರೆಗೆ ಬಗ್ಗಿ ನೋಡಿದೆ. ಡಬ್ಬಿ ಒಣಗಿತ್ತು. ಸೊನ್ನೆ ಬರೆದೆ. ಏಳು ವರ್ಷದಲ್ಲಿ ನಾನು ಬರೆದ ಮೊದಲ ಸರಿಯಾದ ಸೋಮವಾರ ಅದು. ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಸುಶೀಲಾ ನನ್ನ ಮುಖ ನೋಡಿದಳು, ಕೈಯಲ್ಲಿದ್ದ ತಂಬಿಗೆಯನ್ನು ಸ್ವಲ್ಪ ಎತ್ತಿ ಹಿಡಿದು ಮೆಲ್ಲಗೆ ಕೇಳಿದಳು.

"ಒಂದೀಟು ಹಾಕಲೇನ್ರಿ?"

ಬೇಡ ಎಂದೆ. ಹಾಗೆನ್ನುವ ಮೊದಲು, ಅವಳ ಹಿಂದೆ ತೆರೆದಿದ್ದ ಮುಂಬಾಗಿಲಿನಾಚೆ ಎದುರು ಮನೆಯ ಅಂಗಳದಲ್ಲಿ ಮಲ್ಲಪ್ಪ ಇದ್ದಾನೋ ಇಲ್ಲವೋ ಎಂದು ಒಮ್ಮೆ ಇಣುಕಿ ನೋಡಿದ್ದೆ.